ಲಾನಿನಲ್ಲಿ ಎದ್ದ ಅಣಬೆಗಳು

ಮೂವತ್ತು ವರ್ಷ ವಿಜ್ಞಾನ ಕಲಿಸಿದ ಮೇಷ್ಟರಿಗೆ ಒಂದು ಅನುಕೂಲವಿರುತ್ತದೆ. ಗೊತ್ತಿಲ್ಲದ್ದನ್ನು ಗಂಭೀರವಾಗಿ ಹೇಳಿಬಿಟ್ಟರೆ ಊರಲ್ಲಿ ಯಾರೂ ಎದುರಾಡುವುದಿಲ್ಲ. ಆ ಧೈರ್ಯದಲ್ಲೇ, ನಿವೃತ್ತನಾದ ಮೇಲೆ, ಕೊಳ್ಳೇಗಾಲದ ನಮ್ಮ ಮನೆಯ ಮುಂದೆ ಲಾನ್ ಮಾಡಿಸಿದೆ. ಹುಲ್ಲು ಕೀಳುವುದನ್ನೇ ಬೇಸಾಯವೆಂದು ತಿಳಿದ ಸೀಮೆಯಲ್ಲಿ ಹುಲ್ಲು ನೆಟ್ಟು, ದಿನಕ್ಕೆರಡು ಸಲ ನೀರು ಹಾಯಿಸಿ, ಹಸು ಬಂದರೆ ಅಟ್ಟುತ್ತಾ ನಿಂತವನನ್ನು ದಾರಿಹೋಕರು ಕನಿಕರದಿಂದ ನೋಡುತ್ತಿದ್ದರು. ನಾನದನ್ನು ಹೊಟ್ಟೆಕಿಚ್ಚು ಎಂದುಕೊಂಡೆ.

ಲಾನಿಗೆ ಅಡ್ಡವಾಗಿದ್ದದ್ದು ಒಂದು ನುಗ್ಗೆಮರ. ನನ್ನ ಹೆಂಡತಿ ರಾಜಮ್ಮ ಯಳಂದೂರಿನ ತವರಿನಿಂದ ಕೊಂಬೆ ತಂದು ನೆಟ್ಟಿದ್ದು. ಕಂಬಳಿಹುಳದ ನೆಪ ಹೇಳಿ ಕಡಿಸಲು ಒಪ್ಪಿಸಿದೆ. ಬೊಡ್ಡೆಯನ್ನು ಬೇರುಸಮೇತ ತೆಗೆಸಿ ಹಿತ್ತಲಲ್ಲಿ ನೆಡಿಸಬೇಕೆಂಬುದು ಅವಳ ಷರತ್ತು. ಅವಳು ತವರಿಗೆ ಹೋಗಿದ್ದಾಗ ಮರ ಉರುಳಿತು. ಬೊಡ್ಡೆ ಅಗೆಯಲು ಇನ್ನೊಂದು ದಿನ ಬೇಕೆಂದರು. ಹುಲ್ಲು ಹಾಸುವವರು ಆಗಲೇ ಬಂದು ನಿಂತಿದ್ದರು. ನೆಲಮಟ್ಟಕ್ಕೆ ಕೊಯ್ಯಿಸಿ, ಮಣ್ಣು ಮುಚ್ಚಿಸಿ, ಮೇಲೆ ಲಾನ್ ಹಾಸಿಸಿಬಿಟ್ಟೆ. ಹೂಗ್ಯಂ ಕಡೆಯ ಕೂಲಿಯವನೊಬ್ಬ ಬೊಡ್ಡೆಯನ್ನು ತನ್ನ ಹೊಲದಲ್ಲಿ ನೆಡಲು ಆಸೆಪಟ್ಟು ಒಯ್ದನೆಂದು ಅವಳಿಗೆ ಹೇಳಿದೆ. ಸುಳ್ಳು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಸಾರಿಗೆ ನುಗ್ಗೆಕಾಯಿ ಹೆಚ್ಚುವಾಗಲೆಲ್ಲ ಅವಳು ಆ ಮರದ ಯೋಗಕ್ಷೇಮ ವಿಚಾರಿಸುವಳು. ಈ ಸಲ ಹೂ ಉದುರಿತಂತೆ, ಈ ಸಲ ಕಾಯಿ ಜಗ್ಗಿದೆಯಂತೆ ಎಂದು ನಾನು ವರದಿ ಒಪ್ಪಿಸುವೆ.

ಈ ವರ್ಷ ಹಿಂಗಾರು ಹಿಡಿದ ಮೂರನೇ ದಿನ ಲಾನಿನಲ್ಲಿ ಅಣಬೆಗಳು ಎದ್ದವು, ಅದೂ ಸರಿಯಾಗಿ ಬೊಡ್ಡೆಯ ಸುತ್ತ ಬಳೆಯಂತೆ. ರಾಜಮ್ಮ ಕೇಳಿದ್ದಕ್ಕೆ ಮಣ್ಣು ಫಲವತ್ತಾಗಿರುವ ಲಕ್ಷಣ ಎಂದೆ. ಮಾರನೆಯ ದಿನದಿಂದ ಅವಳು ಏಳುವ ಮೊದಲೇ ಎದ್ದು ಕಿತ್ತೆಸೆಯತೊಡಗಿದೆ. ಕಿತ್ತಷ್ಟೂ ಬಂದವು. ಸುಣ್ಣ ಸುರಿದೆ. ಹುಲ್ಲು ಸುಟ್ಟುಹೋಗಿ, ಬೋಳಾದ ಜಾಗದಲ್ಲಿ ಅಣಬೆಗಳು ಮೊದಲಿಗಿಂತ ಸೊಗಸಾಗಿ ಕಂಡವು.

ಕಳೆ ಕೀಳಲು ಬರುವ ಹನೂರು ಕಡೆಯ ಮಾದಮ್ಮ ಒಂದನ್ನು ಕಿತ್ತು ಮೂಸಿದಳು. ತಿನ್ನಬಹುದೇ ಎಂದು ರಾಜಮ್ಮ ವಿಚಾರಿಸಿದಳು.

"ತಿನ್ನೋದಲ್ಲ ಕಣವ್ವ. ಇದು ಮರ ಕೊಳ್ತು ಏಳೋದು. ಅಡೀಲಿ ಬೊಡ್ಡೆ ಅದೆ."

ನಾನು ತಕ್ಷಣ ಶಿಲೀಂಧ್ರಗಳ ಬಗ್ಗೆ ಪಾಠ ಶುರುಮಾಡಿದೆ. ಮಾದಮ್ಮ ವಿನಯದಿಂದ ಕೇಳುತ್ತಲೇ ಕುಡುಗೋಲಿನ ತುದಿಯಿಂದ ಗೇಣುದ್ದ ಕೆದಕಿದಳು. ಕೊಳೆತ ಬೊಡ್ಡೆ ಕಂಡಿತು. ಪಾಠ ಅರ್ಧಕ್ಕೆ ನಿಂತಿತು.

ರಾಜಮ್ಮ ಬೈಯಲಿಲ್ಲ. ಕುಕ್ಕರುಗಾಲಲ್ಲಿ ಕೂತು ಬೊಡ್ಡೆಯನ್ನು ಸ್ವಲ್ಪ ಹೊತ್ತು ಮುಟ್ಟಿ ನೋಡಿದಳು. ಅವಳಮ್ಮ ಕೈಯಾರೆ ಕಡಿದುಕೊಟ್ಟ ಕೊಂಬೆ ಅದು. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು. ಅಂದೇ ಆಳು ಕರೆಸಿ ಬೊಡ್ಡೆ ಕೀಳಿಸಿದಳು. ಜೊತೆಗೆ ಮುಕ್ಕಾಲು ಲಾನೂ ಹೋಯಿತು.

ಸಂಜೆ ನನ್ನ ಮುಂದೆ ಕಾಫಿ ಲೋಟ ಇಟ್ಟು ಎದುರಿಗೇ ಕೂತಳು.

"ಇನ್ನೂ ಏನೇನ್ ಹೂತಿದ್ದೀರಿ, ಈಗ್ಲೇ ಹೇಳ್ಬುಡಿ."

ಕಾಫಿ ಆರುವವರೆಗೂ ಯೋಚಿಸಿದೆ. ಮೂವತ್ತೈದು ವರ್ಷದ ಸಂಸಾರ. ಯಾವುದರಿಂದ ಶುರುಮಾಡಬೇಕೆಂದೇ ತೋಚಲಿಲ್ಲ.