ಸರೋಜಳಿಗೆ ಬಂದ ಅಭಿನಂದನೆಗಳು

ಸಾವಿನ ಸುದ್ದಿ ಮುಟ್ಟಿಸುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ಹಿರಿಯೂರು ತಾಲ್ಲೂಕಿನಲ್ಲೇ ಇಲ್ಲವೆಂದು ನಾನು ನಂಬಿದ್ದೆ. ಆದಿವಾಲದಿಂದ ಐಮಂಗಲದವರೆಗೆ ಯಾರ ಮನೆಯಲ್ಲಿ ಸಾವಾದರೂ ಬೈಕು ಹತ್ತಿ ಹೊರಡುತ್ತಿದ್ದವನು ನಾನೇ. ನಮ್ಮಲ್ಲಿ ಮದುವೆಗೆ ಕರೆಯದಿದ್ದರೆ ಒಂದು ವರ್ಷ ಮುನಿಸು. ಸಾವಿಗೆ ಹೇಳದಿದ್ದರೆ ತಲೆಮಾರುಗಟ್ಟಲೆ ಮಾತಿಲ್ಲ!

ಹೀಗಿರುವಾಗ ನನ್ನ ಹೆಂಡತಿ ಸರೋಜ ತೀರಿಕೊಂಡಳು.

ನಂಟರಿಗೆಲ್ಲ ಹೇಳಿಯಾಯಿತು. ಉಳಿದವರು ಅವಳ ಕೆಲಸದವರು. ಅವಳು ಚಿತ್ರದುರ್ಗದ ಒಂದು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿದ್ದಳು; ನಾನು ಹಿಟ್ಟಿನ ಗಿರಣಿಯವನು. ಅವಳ ಜೊತೆ ಕೆಲಸ ಮಾಡಿದವರು ಈಗ ಎಲ್ಲೆಲ್ಲೋ ಇದ್ದರು. ಅವರ ಮುಖ ಕೂಡ ನಾನು ಕಂಡವನಲ್ಲ. ಆದರೆ ದಿನದ ಅರ್ಧ ಭಾಗ ಅವಳನ್ನು ಕಂಡವರು ಅವರೇ. ಅವರು ಬಂದು ತಿಥಿಯ ಎಲೆಗೆ ಕೂರದಿದ್ದರೆ ಅವಳ ಅರ್ಧ ಬದುಕಿಗೆ ಯಾರೂ ಬಾರದಂತಾಗುತ್ತದೆ. ಅದೇ ನನ್ನ ಸಂಕಟ.

"ಅದಕ್ಯಾಕಣ್ಣ ಚಿಂತೆ? ಕೆಲಸದೋರಿಗೆ ಅಂತ್ಲೇ ಒಂದು ಜಾಲತಾಣ ಐತೆ," ಎಂದ ಪಕ್ಕದ ಮನೆಯ ತಿಪ್ಪೇಸ್ವಾಮಿ. "ಸರೋಜಕ್ಕನ ಫೋನಾಗೇ ಇರತೈತೆ. ಒಂದ್ಸಲ ಹಾಕಿದ್ರೆ ಎಲ್ರಿಗೂ ಮುಟ್ಟತೈತೆ. ಪೆಟ್ರೋಲೂ ಉಳೀತು!"

ಫೋನು ತೆರೆದೆ. ಅವಳ ಹೆಸರಿನ ಕೆಳಗೆ 'ಈಗಿನ ಹುದ್ದೆ' ಎಂದು ಇನ್ನೂ ಲ್ಯಾಬಿನ ಕೆಲಸವೇ ಇತ್ತು. ಅಲ್ಲಿ ಸುಳ್ಳು ಇರಬಾರದಲ್ಲ! ಮದುವೆ ಕಾರ್ಡಿನಲ್ಲಿ ಹೆಸರಿನ ಮುಂದೆ ಡಿಗ್ರಿ ಹಾಕಿದಂತೆ, ತಿಥಿ ಕಾರ್ಡಿನಲ್ಲಿ ಹೆಸರಿನ ಜೊತೆ 'ಕೈಲಾಸವಾಸಿ' ಎಂದು ಹಾಕುವುದು ನಮ್ಮ ವಾಡಿಕೆ. ಹಾಗೇ ಹಾಕಿದೆ. ಸ್ಥಳ: ಕೈಲಾಸ. ಸೇರಿದ ದಿನಾಂಕವನ್ನೂ ಕೇಳಿತು. ಕಣ್ಣೊರೆಸಿಕೊಂಡು ಅದನ್ನೂ ತುಂಬಿದೆ. ಕೆಳಗೆ ತಿಥಿಯ ದಿನ, ಮನೆಯ ಗುರುತು ಬರೆದು ಒತ್ತಿದೆ. ಇದರಲ್ಲಿ ತಪ್ಪೆಲ್ಲಿದೆ, ನೀವೇ ಹೇಳಿ!

ಆ ಜಾಲತಾಣವು ಸದರಿ ವಾರ್ತೆಯನ್ನು ಲೋಕಕ್ಕೆ ಸಾರಿದ್ದು ಹೀಗೆ: 'ಸರೋಜ ಅವರು ಹೊಸ ಹುದ್ದೆಗೆ ಸೇರಿದ್ದಾರೆ. ಅಭಿನಂದಿಸಿ!' ಒತ್ತಲು ಗುಂಡಿಯನ್ನೂ ಅದೇ ಒದಗಿಸಿತ್ತು.

ಮಧ್ಯಾಹ್ನದೊಳಗೆ ಸುರಿಮಳೆ. 'ನಿಮಗೆ ಇದು ಸಲ್ಲಲೇಬೇಕಿತ್ತು ಮೇಡಂ!' 'ಇದನ್ನೇ ಕಾಯುತ್ತಿದ್ದೆವು!' 'ಅಲ್ಲಿ ಇನ್ನೂ ಜಾಗ ಖಾಲಿ ಇದ್ದರೆ ನನ್ನನ್ನೂ ನೆನಪಿಡಿ.' ಯಾವನೋ ಒಬ್ಬ ಹೊಸ ಮೇಲಧಿಕಾರಿಯ ಮನ ಗೆಲ್ಲುವ ತರಬೇತಿ ಕೊಡುತ್ತೇನೆಂದ. ಶಿವನ ಮನ ಗೆಲ್ಲಲು ಇವನ ತರಬೇತಿ!

ನನ್ನ ರಕ್ತ ಕುದಿಯಿತು. ಅಚ್ಚ ಕನ್ನಡದಲ್ಲಿ ಬರೆದಿದ್ದೇನೆ. ತಿಥಿ ಎಂದು ಬರೆದಿದ್ದೇನೆ. ಎರಡು ಸಾಲು ಓದುವಷ್ಟು ಪುರುಸೊತ್ತಿಲ್ಲದವರಿಗೆ ಹೊಗಳಲು ಮಾತ್ರ ಪುರುಸೊತ್ತೇ?

"ಲೇ, ಆ ಫೋನ್ ಕೆಳಗಿಡು," ಎಂದಳು ನನ್ನ ಅಕ್ಕ ಗಂಗಮ್ಮ. "ಸಿಟ್ಟಾಗೆ ಏನೂ ಬರೀಬ್ಯಾಡ."

"ನೀ ಸುಮ್ಕಿರಕ್ಕ. ಇವತ್ತು ಒಬ್ರನ್ನೂ ಬಿಡಂಗಿಲ್ಲ!"

ಬಿಡಲಿಲ್ಲ. ಪ್ರತಿಯೊಬ್ಬರಿಗೂ ಉತ್ತರ ಬರೆದೆ: 'ಲೇ, ನಿನ್ ಕಣ್ಣಾಗೆ ಹಿಟ್ಟು ಬಿದ್ದೈತಾ? ಸತ್ತೋರಿಗೆ ಅಭಿನಂದನೆ ಹೇಳ್ತೀಯಲ್ಲ!' ಜಾಗ ಕೇಳಿದವನಿಗೆ, 'ಬಾ, ನಾನೇ ಕಳಿಸ್ತೀನಿ!' ಎಂದು ಬರೆದೆ. ಎದೆ ಹಗುರಾಯಿತು. ನೀರು ಕುಡಿದೆ.

ತಿಪ್ಪೇಸ್ವಾಮಿ ಓಡಿ ಬಂದ. "ಅಣ್ಣಾ, ಏನ್ ಮಾಡ್ದೆ! ಅದು ಸರೋಜಕ್ಕನ ಖಾತೆ. ಬೈದಿರೋದು ನೀನಲ್ಲ, ಅಕ್ಕ!"

ನೋಡಿದೆ. ಹೌದು! ಪ್ರತಿ ಬೈಗುಳದ ಪಕ್ಕದಲ್ಲೂ ಸರೋಜ ನಗುತ್ತಿದ್ದಳು. ಬದುಕಿದ್ದಾಗ ಬೆಕ್ಕಿಗೂ ಗದರದಿದ್ದವಳು ಕೈಲಾಸದಿಂದ ಊರಿಗೆಲ್ಲ ಲೇ ಅನ್ನುತ್ತಿದ್ದಳು! ಗಾಬರಿಯಲ್ಲಿ ಅಳಿಸಲು ಹೋಗಿ ಇನ್ನೇನನ್ನೋ ಒತ್ತಿದೆ. ಆ ಸುದ್ದಿ ಮತ್ತೊಮ್ಮೆ ಎಲ್ಲರಿಗೂ ಹೋಯಿತು. ಹೊಸದಾಗಿ ಇನ್ನಷ್ಟು ಜನ ಅಭಿನಂದಿಸಿದರು.

"ಇನ್ನ ಅವ್ರು ಯಾರೂ ಬರಾಕಿಲ್ಲ ಬಿಡು," ಎಂದಳು ಅಕ್ಕ.

ತಿಥಿಯ ದಿನ ನಂಟರ ಪಂಕ್ತಿ ಮುಗಿಯಿತು. ಅವಳ ಕೆಲಸದವರಿಗೆಂದು ಹಾಸಿದ್ದ ಚಾಪೆ ಖಾಲಿ ಬಿದ್ದಿತ್ತು. ಅದನ್ನು ಸುತ್ತಿಡಲು ಬಗ್ಗಿದಾಗ ಬಾಗಿಲ ಮುಂದೆ ವ್ಯಾನೊಂದು ನಿಂತಿತು. ಹೊಳಲ್ಕೆರೆಯವರು, ಹೊಸದುರ್ಗದವರು, ಚಿತ್ರದುರ್ಗದವರು ಒಬ್ಬೊಬ್ಬರಾಗಿ ಇಳಿದರು. ಹೊಳಲ್ಕೆರೆಯ ಒಬ್ಬ ಹೆಂಗಸು ಸರೋಜಳ ಫೋಟೊಗೆ ಹೂ ಇಟ್ಟು ನನ್ನ ಕಡೆ ತಿರುಗಿದಳು.

"ಮೊದ್ಲು ನಾವೂ ಓದ್ದಂಗೆ ಗುಂಡಿ ಒತ್ತಿದ್ವಿ, ತಪ್ಪಾತ್ರಿ," ಎಂದಳು. "ಆಮ್ಯಾಕೆ ಆ ಬೈಗುಳ ಬಂತು. ಮೇಡಂ ಯಾರನ್ನೂ ಲೇ ಅಂದೋರಲ್ಲ. ಏನೋ ಆಗೈತೆ ಅಂತ ಆಗ್ಲೇ ಎದೆ ಝಲ್ ಅಂತು."

"ಕ್ಷಮಿಸ್ರಿ, ಅದನ್ನ ಬರ್ದಿದ್ದು..."

"ಗೊತ್ರಿ." ಆಕೆ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಆ ಬಾಯಿ ಯಾರ್ದು ಅಂತ ಎಲ್ರಿಗೂ ಗೊತ್ತಾತು. ಊಟದ ಹೊತ್ನಾಗೆ ಮೇಡಂ ದಿನಾ ನಿಮ್ ಸಿಟ್ಟಿನ ಕತೆ ಹೇಳಿ ನಮ್ಮನ್ನ ನಗಿಸ್ತಿದ್ರು."

ಆ ಲ್ಯಾಬಿನಲ್ಲಿ ನನ್ನನ್ನು ಯಾರೂ ಅರಿಯರು ಎಂದುಕೊಂಡಿದ್ದೆ. ಇಷ್ಟು ವರ್ಷವೂ ದಿನಾ ಅವಳ ಬುತ್ತಿಯ ಜೊತೆ ನಾನೂ ಅಲ್ಲಿಗೆ ಹೋಗುತ್ತಿದ್ದೆನಂತೆ, ಉಪ್ಪಿನಕಾಯಿಯಾಗಿ!