ಬೆಡ್‌ಶೀಟಿನ ಈ ಕಡೆಯ ತುದಿ

ಆಯುಷ್ಯವಿಡೀ ಬಸ್ಸಿನ ಸ್ಟೇರಿಂಗ್ ಹಿಡಿದು ಸವೆಸಿದ ಮನುಷ್ಯನ ಕೈಗೆ, ರಿಟೈರ್ ಆದ ಮೇಲೆ ಏನು ಸಿಗಬೇಕು? ಆರಾಮ ಕುರ್ಚಿಯ ಎರಡು ಕೈಗಳು. ನನಗೆ ಸಿಕ್ಕಿದ್ದು ಬೆಡ್‌ಶೀಟಿನ ಎರಡು ಮೂಲೆಗಳು.

ನನ್ನ ಹೆಂಡತಿಯದು ಲಾಂಡ್ರಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ತಾರಸಿಯೇ ಕಾರ್ಖಾನೆ. ರಸ್ತೆಯ ಕೊನೆಯ ಲಾಡ್ಜಿನ ಮಂಚಗಳಿಗೆಲ್ಲ ಮಾನ ಮುಚ್ಚುವ ಜವಾಬ್ದಾರಿ ಅವಳದು; ಪಕ್ಕದ ಸಲೂನಿನ ಟವೆಲುಗಳನ್ನು ಒಗೆಯುವವಳೂ ಅವಳೇ. ದಿನಾ ಮಧ್ಯಾಹ್ನ ಒಣಗಿದ ಬೆಡ್‌ಶೀಟುಗಳನ್ನು ನಾವಿಬ್ಬರೂ ಸೇರಿ ಮಡಿಸಬೇಕು. ಆ ಕಡೆ ಅವಳು, ಈ ಕಡೆ ನಾನು. ಎಳೆಯುವುದು, ಕೊಡವುವುದು, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸುವುದು. ಪ್ರತಿ ಸಲವೂ ನನ್ನ ತುದಿ ತಿರುಚಿಕೊಂಡಿರುತ್ತದೆ, ಏಕೆಂದರೆ ಆ ಹೊತ್ತಿಗೆ ನಾನು ಯಾವುದೋ ಘಟನೆ ಹೇಳುತ್ತಿರುತ್ತೇನೆ. (ನಾನು ಹೇಳುವುದೆಲ್ಲ ಘಟನೆಯೇ. ಅದನ್ನು ಕತೆ ಅನ್ನುವವಳು ಅವಳೊಬ್ಬಳೇ.)

"ಘಾಟಿ ಇಳೀತಿದ್ದೆ. ಸ್ಟೇರಿಂಗು ಕಿತ್ತು ಕೈಗೇ ಬಂತು. ಕಿಟಕಿ ಆಚೆ ಕೈ ಹಾಕಿ, ಎಡಕ್ಕೆ, ಬಲಕ್ಕೆ ಅಂತ ಬಸ್ಸಿಗೆ ಸನ್ನೆ ಮಾಡ್ಕೊಂಡೇ ಇಳಿಸಿದೆ."

"ಹೋದ ವಾರ ಬ್ರೇಕು ಕಿತ್ತು ಬಂದಿತ್ತಲ್ರೀ."

"ಅದು ಬೇರೆ ಬಸ್ಸು."

"ನಿಮ್ಮ ಬಸ್ಸುಗಳಲ್ಲಿ ಬಸ್ಸಿಗೆ ಅಂಟ್ಕೊಂಡಿದ್ದು ಅಂತ ಏನಾದ್ರೂ ಇತ್ತಾ? ಮೂಲೆ ಸರಿಯಾಗಿ ಹಿಡ್ಕೊಳ್ಳಿ."

ಈ ಬಂಧನದಿಂದ ಬಿಡುಗಡೆಯ ದಾರಿ ತೋರಿಸಿದವಳು ಮೊಮ್ಮಗಳು. ನಮ್ಮ ಜೊತೆಗಿದ್ದುಕೊಂಡೇ ಕಾಲೇಜಿಗೆ ಹೋಗುವ ಹುಡುಗಿ. ಒಂದು ದಿನ ಅರ್ಥಶಾಸ್ತ್ರದ ಪರೀಕ್ಷೆಗೆಂದು ಗಟ್ಟಿಯಾಗಿ ಓದುತ್ತ ಕೋಣೆಯಲ್ಲಿ ಶತಪಥ ಹಾಕುತ್ತಿದ್ದಳು.

"ಒಬ್ಬರು ಎಲ್ಲಾ ಕೆಲಸದಲ್ಲೂ ಚುರುಕು, ಇನ್ನೊಬ್ಬರು ಎಲ್ಲದರಲ್ಲೂ ಮಂದ ಅಂತ ಇಟ್ಕೋ ತಾತ. ಆಗಲೂ, ಮಂದ ಇರೋರು ಯಾವುದರಲ್ಲಿ ಕಡಿಮೆ ಮಂದವೋ ಆ ಕೆಲಸ ಅವರಿಗೆ ಬಿಟ್ರೆ ಇಬ್ಬರಿಗೂ ಲಾಭ. ತುಲನಾತ್ಮಕ ಅನುಕೂಲ ಅಂತಾರೆ ಇದಕ್ಕೆ."

"ಏನಾದ್ರೂ ಉದಾಹರಣೆ ಕೊಡು ಪುಟ್ಟಿ."

ಅವಳು ನನ್ನನ್ನೂ ನೋಡಿದಳು, ಅಜ್ಜಿಯನ್ನೂ ನೋಡಿದಳು, ಪುಸ್ತಕದ ಹಾಳೆ ತಿರುವಿದಳು. ಒಳ್ಳೆಯ ಹುಡುಗಿ.

ನಾನು ಬಿಡಲಿಲ್ಲ. ಅಲ್ಲೇ ಪಂಚಾಯಿತಿ ಕೂರಿಸಿದೆ. ಇಸ್ತ್ರಿಯಲ್ಲಿ ನನ್ನ ಯೋಗ್ಯತೆಗೆ, ನಡುವೆ ಕಪ್ಪು ತ್ರಿಕೋನ ಹೊತ್ತ ದಿಂಬಿನ ಕವರೊಂದು ಅಡುಗೆಮನೆಯಲ್ಲಿ ಇಂದಿಗೂ ಸಾಕ್ಷಿ. ಮಡಿಸುವುದರಲ್ಲಿ ಹೆಂಡತಿ ಗಾಳಿಯಾದರೆ ನಾನು ಆಮೆ. ಸೈಕಲ್ಲಿನಲ್ಲಿ ಗಂಟು ತಲುಪಿಸುವುದರಲ್ಲಿ ಮಾತ್ರ ಅವಳು ನನಗಿಂತ ಕೊಂಚವೇ ಮುಂದು.

"ಅಜ್ಜಿ ಸೈಕಲ್ ತಗೊಂಡು ಹೋದ್ರೆ ಅಷ್ಟು ಹೊತ್ತು ಮಡಿಸೋದು ನಿಲ್ಲತ್ತೆ. ಹೋಗಿಬರೋದರ ನಿಜವಾದ ಬೆಲೆ ಅದು," ಎಂದು ಪುಟ್ಟಿ ತೀರ್ಪು ಕೊಟ್ಟಳು. "ಡೆಲಿವರಿಯೆಲ್ಲ ತಾತಂದು. ಮಡಿಸೋದೆಲ್ಲ ಅಜ್ಜಿದು."

ಹೆಂಡತಿ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು. "ನಿಮಗೆ ಅದೇ ಇಷ್ಟ ಅಂದ್ರೆ ಆಗ್ಲಿ ಬಿಡಿ."

ಅವಳು ಅಷ್ಟು ಬೇಗ ಒಪ್ಪಿದ್ದು ನನಗೆ ಅಷ್ಟೇನೂ ಹಿಡಿಸಲಿಲ್ಲ.

ಮೊದಲೆರಡು ದಿನ ಸ್ವರ್ಗ. ಆಮೇಲೆ ಶುರುವಾಯಿತು ಕಷ್ಟ. ಲಾಡ್ಜಿನ ಮ್ಯಾನೇಜರಿಗೆ ಸ್ಟೇರಿಂಗಿನ ಘಟನೆ ಹೇಳಿದೆ. ಮೊಬೈಲಿನಿಂದ ತಲೆ ಎತ್ತದೆ, "ಹೌದಾ ಸಾರ್, ಪಾಪ," ಎಂದ. ಬ್ರೇಕಿನದು ಹೇಳಿದೆ. ಅದನ್ನೂ ನಂಬಿದ. ಎಲ್ಲವನ್ನೂ ನಂಬುವವನಿಗೆ ಘಟನೆ ಹೇಳುವುದೂ ಒಂದೇ, ಖಾಲಿ ಬಸ್ಸು ಓಡಿಸುವುದೂ ಒಂದೇ. ಹೋದ ವಾರ ಏನು ಹೇಳಿದಿರಿ ಎಂದು ಕೇಳುವವರಿಲ್ಲ.

ವಾಪಸು ಬರುವಾಗ ರಸ್ತೆಯಿಂದ ತಲೆ ಎತ್ತಿ ನೋಡಿದೆ. ತಾರಸಿಯಲ್ಲಿ ಅವಳೊಬ್ಬಳೇ. ಬೆಡ್‌ಶೀಟನ್ನು ಗಲ್ಲದ ಕೆಳಗೆ ಸಿಕ್ಕಿಸಿ, ಎರಡೂ ಕೈ ಚಾಚಿ, ಪಟಪಟನೆ ಮಡಿಸಿ ಇಟ್ಟಳು. ಎಲ್ಲೂ ತಿರುಚಿರಲಿಲ್ಲ.

ನನ್ನನ್ನೂ ಮಡಿಸಲು ಕರಿ ಎಂದು ಬಾಯಿಬಿಟ್ಟು ಕೇಳಲು ಮರ್ಯಾದೆ ಅಡ್ಡ ಬಂತು. ಹಾಗಾಗಿ ಅರ್ಥಶಾಸ್ತ್ರದ ಬುಡಕ್ಕೇ ಕೈ ಹಾಕಿದೆ. ಡೆಲಿವರಿಯಲ್ಲಿ ನಾನು ಪರಮ ಮಂದನಾದರೆ, ಕಡಿಮೆ ಮಂದನಾದ ಕೆಲಸ ಮಡಿಸುವುದೇ ಆಗಬೇಕಲ್ಲ? ಲಾಡ್ಜಿನ ಗಂಟನ್ನು ಸಲೂನಿಗೆ ಕೊಟ್ಟೆ, ಸಲೂನಿನ ಗಂಟನ್ನು ಲಾಡ್ಜಿಗೆ ಕೊಟ್ಟೆ. ಲಾಡ್ಜಿನ ಅತಿಥಿಗಳು ಅಂಗೈಯಗಲದ ಟವೆಲುಗಳನ್ನು ಜೋಡಿಸಿಕೊಂಡು ಮಲಗಿದರಂತೆ. ಸಲೂನಿನಲ್ಲಿ ಗಿರಾಕಿಯೊಬ್ಬನಿಗೆ ಡಬಲ್ ಬೆಡ್‌ಶೀಟು ಹೊದಿಸಿ, ಕತ್ತರಿ ಹಿಡಿದು ತಲೆ ಎಲ್ಲಿದೆ ಎಂದು ಹುಡುಕಿದರಂತೆ. (ಇದು ಘಟನೆ.)

ಮರುದಿನ ಮ್ಯಾನೇಜರ್ ಫೋನ್ ಮಾಡಿದ. ಇನ್ನೊಂದು ಸಲ ಹೀಗಾದರೆ ಬೇರೆ ಲಾಂಡ್ರಿ ನೋಡಿಕೊಳ್ಳುತ್ತಾನಂತೆ. ಹೆಂಡತಿ ಫೋನ್ ಇಟ್ಟು, ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಹೋದಳು. ನಾನೂ ಮೊಮ್ಮಗಳೂ ಬಾಲದಂತೆ ಹಿಂದೆ ಹೋದೆವು. ಪುಟ್ಟಿ ಹೊಸದಾಗಿ ಲೆಕ್ಕ ಹಾಕಿದಳು.

"ತಾತ, ಇನ್ನು ನಿಂಗೆ ಉಳಿದಿರೋದು ಕಾಗೆ ಓಡಿಸೋ ಕೆಲಸ ಒಂದೇ."

"ಮಡಿಸೋದು?" ನನ್ನ ದನಿ ನನಗೇ ಕೇಳಿಸಲಿಲ್ಲ.

"ಅಜ್ಜಿ ಒಬ್ಬಳೇ ಮಡಿಸಿದ್ರೇನೇ ಬೇಗ ಆಗೋದು. ನೀನು ಸೇರಿದ್ರೆ ನಿಧಾನ."

"ಅದು ನಂಗೆ ಮೊದಲನೇ ದಿನಾನೇ ಗೊತ್ತಿತ್ತು," ಎಂದಳು ಹೆಂಡತಿ, ಕ್ಲಿಪ್ ತೆಗೆಯುತ್ತ.

"ಮತ್ತೆ ಯಾಕಜ್ಜಿ ದಿನಾ ಕರೀತಿದ್ದೆ? ಆ ಹೊತ್ತಲ್ಲಿ ಇನ್ನೊಂದು ಗಂಟು ಇಸ್ತ್ರಿ ಆಗ್ತಿತ್ತು."

"ಆಗ್ತಿತ್ತು. ಬಿಟ್ಟೆ." ಅವಳು ಬೆಡ್‌ಶೀಟು ಕೊಡವಿದಳು. "ರಿಟೈರ್ ಆದ ಮಾರನೇ ದಿನ ಈ ಮನುಷ್ಯ ಬಾಗಿಲಲ್ಲಿ ನಿಂತು, ಹೋಗೋ ಬಸ್ಸು ಬರೋ ಬಸ್ಸು ಎಲ್ಲಾ ನೋಡ್ತಿದ್ರು. ಕೈ ಎಲ್ಲಿಡೋದು ಅಂತ ಗೊತ್ತಾಗ್ತಿರಲಿಲ್ಲ ಪಾಪ. ಹಿಡ್ಕೊಳ್ಳಿ ಅಂತ ಎರಡು ಮೂಲೆ ಕೊಟ್ಟೆ."

ನನ್ನ ಕನ್ನಡಕಕ್ಕೆ ಅದೇ ಹೊತ್ತಿಗೆ ಮಂಜು ಹಿಡಿಯಬೇಕೇ.

ಹೆಂಡತಿ ಎರಡು ಮೂಲೆ ನನ್ನ ಕಡೆ ಚಾಚಿದಳು. ಹಿಡಿದುಕೊಂಡೆ. ಗೆದ್ದೆ ಅಂದುಕೊಂಡು, "ಹಾಗಾದ್ರೆ ಡೆಲಿವರಿ?" ಎಂದೆ.

"ಅದು ನೀವೇ ಪಂಚಾಯಿತಿ ಮಾಡಿ ತಗೊಂಡಿದ್ದಲ್ವಾ, ನಿಮ್ದೇ. ಇದು ಮುಗಿದ ಮೇಲೆ ಸಲೂನಿಗೂ ಲಾಡ್ಜಿಗೂ ಹೋಗಿ ತಪ್ಪಾಯ್ತು ಅಂತ ಹೇಳಿ, ಗಂಟು ಬದಲಾಯಿಸಿ ಬನ್ನಿ. ಕಾಗೆನೂ ನೋಡ್ಕೊಳ್ಳಿ."

ಒಂದು ಕೆಲಸ ತಪ್ಪಿಸಿಕೊಳ್ಳಲು ಹೋದವನ ಹೆಗಲಿಗೆ ಮೂರು ಕೆಲಸ ಬಿತ್ತು. ಸಮಾಧಾನಕ್ಕೆ ಮೆಲ್ಲಗೆ ಶುರು ಮಾಡಿದೆ, "ಒಂದ್ಸಲ ಏನಾಯ್ತು ಅಂದ್ರೆ, ಬಸ್ಸಿನ ಗೇರು..."

"ಕಿತ್ತು ಬಂತಾ?" ಎಂದಳು, ಮೂಲೆ ಸೇರಿಸಲು ನಡೆದು ಬರುತ್ತ. ನನ್ನ ತುದಿ ತಿರುಚಿಕೊಂಡಿತ್ತು. ಅದನ್ನು ಬಿಡಿಸಿ, ಮತ್ತೆ ನನ್ನ ಕೈಗೇ ಕೊಟ್ಟಳು.