ಠಾಣೆಗೆ ಹೋದ ವಿಲಾಯತಿ ಬೈರಿಗೆ

"ಇನ್ಮ್ಯಾಲ ನಮ್ಮ ಮನ್ಯಾಗ ಕಟಗಿಗಿ ತೂತು ಬಿದ್ರ ಕರೆಂಟಿನಿಂದನ ಬೀಳಬೇಕು!"

ಭಾಲ್ಕಿಯ ಬಡಿಗ ಮನ್ಮಥಪ್ಪ ಈ ಫರ್ಮಾನು ಹೊರಡಿಸಿದಾಗ ನಿಜಾಮರ ರಾಜ್ಯ ಇತ್ತು, ಭಾಲ್ಕಿಯಲ್ಲಿ ಕರೆಂಟು ಇರಲಿಲ್ಲ. ಈ ಎರಡನೆಯ ಸಂಗತಿಯನ್ನು ಹೆಂಡತಿ ಗುರಮ್ಮ ನೆನಪಿಸಿದಳು.

"ಕರೆಂಟ ಎಲ್ಲದರಿ?"

"ಬರ್ತದ. ಮಷಿನ್ ಬಂದದ ಅಂತ ಗೊತ್ತಾದ್ರ ತಾನ ಹುಡಕ್ಕೋತ ಬರ್ತದ!"

ಸೊಲ್ಲಾಪುರದ ಅಂಗಡಿಯೊಂದರಲ್ಲಿ ತೂತು ಕೊರೆಯುವ ವಿದ್ಯುತ್ ಬೈರಿಗೆಯ ಚಿತ್ರ ಕಂಡಂದಿನಿಂದ ಅವನಿಗೆ ನೆಲದ ಮೇಲೆ ಕಾಲಿರಲಿಲ್ಲ. ಉಳಿ ಕೈಯಲ್ಲಿ, ಕಣ್ಣು ಮುಗಿಲಲ್ಲಿ. ಅವನ ಕನಸಿನಲ್ಲಿ ಬಾಗಿಲುಗಳು ಸಾಲುಗಟ್ಟಿ, ಬೆಳದಿಂಗಳಲ್ಲಿ ಡಾಬಕಾ, ಮನ್ನಳ್ಳಿಯಂಥ ಸುತ್ತಲ ಊರುಗಳ ಕಡೆ ತಾವೇ ನಡೆದು ಹೋಗಿ ಚೌಕಟ್ಟುಗಳಲ್ಲಿ ನಿಲ್ಲುತ್ತಿದ್ದವು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಔರಾದಿಗೆ ಹೋದಾಗ ಮಾವ ವೈಜಿನಾಥಪ್ಪನವರ ಎದುರು ಎದೆ ಉಬ್ಬಿಸಿ, "ಚಂದ್ರಭಾಗಾನ ಮದವಿಗಿ ನುಲಿ ಮಂಚ ನಂದರಿ. ವಿಲಾಯತಿ ಮಷಿನ್ ಮ್ಯಾಲ ಮಾಡಿ ತರ್ತೇನಿ!" ಎಂದುಬಿಟ್ಟ. ಚೌಕಟ್ಟಿನ ಅಂಚಿಗೆ ಸಾಲಾಗಿ ತೂತು ಕೊರೆದು ನುಲಿಹಗ್ಗ ಹೆಣೆಯುವ ಮಂಚ ಅದು. ಅದೂ ನಾದಿನಿಯ ಮದುವೆ! ಮಂಚ ಬರದಿದ್ದರೆ ಗುರಮ್ಮ ತವರಿನಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ವಿಲಾಯತಿ ಕಂಪನಿಗೆ ಪತ್ರ ಹೋಯಿತು. ಹೈದರಾಬಾದ್ ಸಂಸ್ಥಾನದ ರೂಢಿಯಂತೆ ಅದರ ತಲೆಯ ಮೇಲೆ, ಇಂಗ್ಲಿಷರ ೧೯೪೭ಕ್ಕೆ ಸಮನಾದ ಫಸಲಿ ವರ್ಷ ಬರೆದಿದ್ದ: ೧೩೫೭. ಉತ್ತರ ಬಹಳ ವಿನಯದಿಂದ ಬಂತು. ತಮ್ಮ ಪತ್ರ ಕೈಸೇರುವುದು ಆರುನೂರು ವರ್ಷ ತಡವಾದದ್ದಕ್ಕೆ ವಿಷಾದವಿದೆ, ಮಾಲು ಮುಂದಿನ ಹಡಗಿಗೆ ಬರುತ್ತದೆ ಎಂದು!

ಮಾಲಿನ ಬೆಲೆಯನ್ನು ಮನ್ಮಥಪ್ಪ ಚೆನ್ನಾಗಿ ಲೆಕ್ಕ ಹಾಕಿದ್ದ. ಆದರೆ ಬೆಲೆ ಅನ್ನುವುದು ಬರಿ ಮದುಮಗ, ಹಿಂದೆ ದಿಬ್ಬಣ ಬೇರೆ ಇರುತ್ತದೆ ಎನ್ನುವುದು ಅವನಿಗೇನು ಗೊತ್ತು? ಹಡಗಿನ ಬಾಡಿಗೆ ಬಂತು. ಹಡಗು ಮುಳುಗಿದರೆ ಅಂತ ವಿಮೆ ಬಂತು. ಮುಂಬಯಿಯಲ್ಲಿ ಸುಂಕ ಕಟ್ಟಿಸಿಕೊಂಡರು. ನಿಜಾಮರ ಗಡಿಯ ನಾಕಾದಲ್ಲಿ, ಅವರ ಸುಂಕ ಅವರಿಗಾಯಿತು, ನಮ್ಮದೆಲ್ಲಿ ಎಂದು ಮತ್ತೆ ಕಟ್ಟಿಸಿಕೊಂಡರು. ಹೊರಗಿನವರೆಲ್ಲ ಕೇಳುವುದು ಇಂಗ್ಲಿಷರ ಕಲ್ದಾರ ರೂಪಾಯಿ. ಮನ್ಮಥಪ್ಪನ ಗಂಟಿನಲ್ಲಿದ್ದದ್ದು ನಿಜಾಮರ ಹಾಲಿ ರೂಪಾಯಿ. ಬದಲಾಯಿಸುವಾಗೆಲ್ಲ ಗಂಟು ಸೊರಗುತ್ತಿತ್ತು. ಅದರ ಮೇಲೆ, ಗಲಾಟೆಯ ದೆಸೆಯಿಂದ ಗಡಿ ಮುಚ್ಚಿ ಮಾಲು ತಡೆದಿದ್ದರಿಂದ ಸೊಲ್ಲಾಪುರದ ಗೋದಾಮಿನಲ್ಲಿ ಬಿದ್ದದ್ದಕ್ಕೂ ಬಾಡಿಗೆ! ಕಡೆಗೆ ಮನೆಯ ಎಮ್ಮೆಯೇ ಸಂತೆಗೆ ನಡೆಯಿತು.

"ಮಷಿನ್ ಬರೂದಕಿಂತ ಮೊದಲ ನಮ್ಮ ಚಹಾ ಕರೀದಾತು ನೋಡ್ರಿ," ಎಂದಳು ಗುರಮ್ಮ. ಆದರೂ ಎಮ್ಮೆ ಹೋಗಿ ಖಾಲಿಯಾದ ಕೊಟ್ಟಿಗೆಯನ್ನು ಸಾರಿಸಿ, ಮಷಿನ್ನಿಗೆಂದು ರಂಗೋಲಿ ಹಾಕಿಟ್ಟಳು.

ಅಷ್ಟರಲ್ಲಿ ಭಾರತದ ಸೇನೆ ಬಂದು, ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮಶಾಹಿ ಮುಗಿಯಿತು. ಆ ದಿನಗಳಲ್ಲಿ ಕಂಡದ್ದು, ಕೇಳಿದ್ದರ ಅಂಜಿಕೆ ಜನರಿಗೆ ಇನ್ನೂ ಹೋಗಿರಲಿಲ್ಲ. ಮನೆಯಲ್ಲಿ ಬಂದೂಕು, ತಲವಾರು, ಪಿಸ್ತೂಲು ಏನಿದ್ದರೂ ಕೂಡಲೇ ಠಾಣೆಗೆ ಒಪ್ಪಿಸಬೇಕೆಂದು ಊರಲ್ಲಿ ಡಂಗುರ ಸಾರಿದರು. ದಾರಿ ತೆರೆದದ್ದರಿಂದ ಪೆಟ್ಟಿಗೆಯೂ ಭಾಲ್ಕಿ ಸ್ಟೇಷನ್ನಿಗೆ ಬಂದಿಳಿಯಿತು. ಗಾಡಿಯವನು ಅದನ್ನು ಮನೆಗೆ ಮುಟ್ಟಿಸಿದ ಹೊತ್ತಿಗೆ ಮನ್ಮಥಪ್ಪ ಬೀದರಿನಲ್ಲಿದ್ದ. ಕರೆಂಟಿಗಾಗಿ ಗೋಡೆಗೆ ಚುಚ್ಚುವ ಪಿನ್ನನ್ನು ಬೇರೆ ಕೊಳ್ಳಬೇಕೆಂದು ಕಂಪನಿ ಕೊನೆಗೆ ತಿಳಿಸಿತ್ತು!

ಸಂಜೆ ಅವನು ಪಿನ್ನು ಹಿಡಿದು, ಹಾಡಿಕೊಳ್ಳುತ್ತ ಮನೆಗೆ ಬಂದ.

"ಪೆಟಗಿ ಬಂತೇನ?"

"ಬಂತರಿ. ಆದ್ರ ಯಾರೋ ನಿಮ್ಮ ಹೆಸರಿಲೆ ಪಿಸ್ತೂಲ ಕಳಿಸ್ಯಾರ. ಬೆರಳಿಲೆ ಎಳಿಯೂ ಕುದರಿ ಸುದ್ದಾ ಅದ! ನನ್ನ ಜೀವಾನ ಹೋತು. ಸೆರಗಿನಾಗ ಮುಚ್ಕೊಂಡು ಠಾಣಾದಾಗ ಕೊಟ್ಟ ಬಂದೆ."

ಮನ್ಮಥಪ್ಪ ಹಣೆ ಬಡಿದುಕೊಂಡ. "ಅದ ಮಷಿನ್ನ ಗುರಮ್ಮ!"

"ಎಮ್ಮಿ ನುಂಗಿದ ಮಷಿನ್ ಅಷ್ಟ ಸಣ್ಣದು ಇರತದೇನ್ರಿ?"

ಅವನು ಬಂದ ಕಾಲಲ್ಲೇ ಠಾಣೆಗೆ ಓಡಿದ. ಜಮಾದಾರ ಹಣಮಂತಪ್ಪ ಬೈರಿಗೆಯನ್ನು ತಲವಾರುಗಳ ನಡುವೆ ಮಲಗಿಸಿದ್ದ.

"ಅದು ನಂದರಿ ಜಮಾದಾರ ಸಾಹೇಬ್ರ."

"ಅಂದ್ರ ಪಿಸ್ತೂಲ ನಿಂದು ಅಂತ ಒಪ್ಕೋತಿ?"

"ಪಿಸ್ತೂಲ ಅಲ್ರಿ, ಬೈರಿಗಿ! ತೂತು ಹಾಕ್ತದ."

"ಪಿಸ್ತೂಲನೂ ತೂತ ಹಾಕ್ತದ. ಬೈರಿಗಿ ಇದ್ರ ನಡಸಿ ತೋರಸು."

ನಡೆಸಲು ಕರೆಂಟು ಬೇಕು. ಭಾಲ್ಕಿಯಲ್ಲಿ ಕರೆಂಟಿಲ್ಲ. ಪಾಪ, ಕೋಟಿ ಕನಸು ಕಂಡ ಮನುಷ್ಯನಿಗೆ ಈ ಒಂದು ಕನಸು ಬಿದ್ದಿರಲಿಲ್ಲ!

ಕೊನೆಗೆ ಬೈರಿಗೆ, ಮನ್ಮಥಪ್ಪ, ಜಮಾದಾರ ಮೂವರೂ ರೈಲು ಹತ್ತಿ ಬೀದರಿನ ದೊಡ್ಡ ಸಾಹೇಬರ ಕಚೇರಿಗೆ ಹೋದರು. ಜಮಾದಾರನ ಟಿಕೀಟು, ಫಳಾರ ಎಲ್ಲ ಮನ್ಮಥಪ್ಪನದೇ. ಕಚೇರಿಯಲ್ಲಿ ಕರೆಂಟಿತ್ತು. ಸಾಹೇಬರು ತಮ್ಮ ಹಳೆಯ ಸಾಗವಾನಿ ಮೇಜಿನ ಮೂಲೆ ತೋರಿಸಿ, "ಇಲ್ಲೇ ಒಂದ ಹಾಕು," ಎಂದರು. ಸದ್ದಿಗೆ ಅಂಜಿ ಕಿವಿ ಮುಚ್ಚಿಕೊಂಡು ಹೊರಗೆ ಹೋಗಿ ನಿಂತರು. ಜಮಾದಾರನೂ ಅವರ ಹಿಂದೆಯೇ ಹೋದ.

ಗುರ್‌ರ್‌ರ್! ಬೈರಿಗೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಅಬ್ಬಾ, ಆ ಸುಖ! ಮನ್ಮಥಪ್ಪನ ಕಣ್ಣು ಅರೆಮುಚ್ಚಿದವು. ಕಚೇರಿ ಕರಗಿತು, ಸಾಹೇಬರು ಕರಗಿದರು. ಎದುರಿಗಿದ್ದದ್ದು ಚಂದ್ರಭಾಗಾನ ಮಂಚ. ಔರಾದಿನ ಚಪ್ಪರ, ಮಲ್ಲಿಗೆಯ ಘಮ, ಹೊಸ ನುಲಿಯ ಬಿಗಿ. ಕೈ ತನ್ನಷ್ಟಕ್ಕೆ ಸರಿಯುತ್ತ ಹೋಯಿತು. ನಾಲ್ಕು ಬೆರಳು ಬಿಟ್ಟು ಒಂದು, ಮತ್ತೆ ನಾಲ್ಕು ಬೆರಳು ಬಿಟ್ಟು ಇನ್ನೊಂದು.

ಸದ್ದು ನಿಂತಾಗ ಸರಕಾರಿ ಮೇಜಿನ ನಾಲ್ಕೂ ಅಂಚಿಗೆ ತೂತುಗಳು ಸಾಲಾಗಿ ಕೂತಿದ್ದವು. ಒಳಗೆ ಬಂದ ಸಾಹೇಬರು ತೂತುಗಳನ್ನು ಒಂದೊಂದಾಗಿ ಎಣಿಸಿದರು.

"ಇದು ಪಿಸ್ತೂಲ ಅಲ್ಲ ಅನ್ನೋದು ಸಾಬೀತಾತು," ಎಂದರು ಕೊನೆಗೆ. "ಪಿಸ್ತೂಲಾಗಿದ್ರ ಇಷ್ಟ ಲುಕ್ಸಾನ ಆಗ್ತಿರಲಿಲ್ಲ. ನಿನ್ನ ಮಷಿನ್ನೂ, ಈ ಕಟಗಿನೂ ತಗೊಂಡು ನಡಿ. ಹೊಸಾ ಮೇಜು ಮಾಡಿ ತಾ. ಇಲ್ಲಂದ್ರ ಒಳಗ ಹಾಕ್ತೇನಿ!"

ಹೊಸ ಮೇಜು ಭಾಲ್ಕಿಯಲ್ಲಿ, ಹಳೆಯ ಹಗ್ಗದ ಬೈರಿಗೆಯಿಂದಲೇ ತಯಾರಾಯಿತು. ಮನ್ಮಥಪ್ಪ ಒತ್ತಿ ಹಿಡಿದ, ಗುರಮ್ಮ ಹಗ್ಗ ಎಳೆದಳು. ಅದು ಬೀದರಿಗೆ ಹೋಗುವಷ್ಟರಲ್ಲಿ ಮದುವೆ ತಲೆಯ ಮೇಲೆ ಬಂದಿತ್ತು. ಇದ್ದ ಕಟ್ಟಿಗೆ ಮೇಜಿಗೆ ಹೋಗಿ, ಮಂಚಕ್ಕೆ ಕಟ್ಟಿಗೆಯೂ ಇಲ್ಲ, ಹೊತ್ತೂ ಇಲ್ಲ. ಅವನಿಗೆ ನಿಜಕ್ಕೂ ಅಳು ಬಂತು.

"ನಿನ್ನ ತವರಮನಿಗಿ ಯಾವ ಮಾರಿ ತೋರಸ್ಲಿ ಗುರಮ್ಮ?"

ಗುರಮ್ಮ ಅಂಗಳದಲ್ಲಿದ್ದ ತೂತಿನ ಮೇಜಿನ ಸುತ್ತ ಒಮ್ಮೆ ಬಂದಳು. "ಅಳೂದ ಬಿಡ್ರಿ. ನಡುವಿನ ಹಲಗಿ ಕೊಯ್ದು ತಗೀರಿ, ಕಾಲು ಗಿಡ್ಡ ಮಾಡ್ರಿ. ತೂತಂತೂ ಆಗ್ಯಾವಲ್ಲ, ನಾ ನುಲಿ ಹಾಕ್ತೇನಿ."

ಆ ಗಳಿಗೆಯಲ್ಲಿ ಮನ್ಮಥಪ್ಪನಿಗೆ ಹೆಂಡತಿಯ ಮೇಲೆ ಉಕ್ಕಿದ ಪ್ರೀತಿ ಯಾವ ವಿಲಾಯತಿ ಮಾಲಿನ ಮೇಲೂ ಉಕ್ಕಿರಲಿಲ್ಲ.

ಮಂಚ ಔರಾದಿನ ಚಪ್ಪರದಲ್ಲಿ ಇಳಿಯಿತು. ಬೀಗರೆಲ್ಲ ಸುತ್ತ ನೆರೆದರು. ವೈಜಿನಾಥಪ್ಪನವರು ಬಗ್ಗಿ, ಒಂದೊಂದೇ ತೂತಿನ ಮೇಲೆ ಬೆರಳಾಡಿಸಿದರು. ಅವರ ಕಣ್ಣು ತುಂಬಿ ಬಂದವು.

"ಅಳಿಯಂದ್ರ, ಏನ್ ಸಾಲ್ರಿ ಇದು! ಮಷಿನ್ ಮಷಿನ್ ಅಂತ ಹಾರಾಡ್ತಿದ್ರಿ, ಆ ಹುಚ್ಚು ಬಿಟ್ರಿ, ಚಲೋ ಆತು. ಇಂಥಾ ಕೆಲಸ ಮನಶ್ಯಾನ ಕೈಲೇನ ಆಗಬೇಕು. ಮಷಿನ್ನಿನ ಅಪ್ಪ ಬಂದ್ರೂ ಆಗೂದಿಲ್ಲ!"

ಮನ್ಮಥಪ್ಪ ಬಾಯಿ ತೆರೆದ. ಮಷಿನ್ನಿನ ಕೆಲಸ ಎಂದರೆ ಮೇಜಿನ ಕಥೆ ಹೇಳಬೇಕು, ಮೇಜು ಎಂದರೆ ಠಾಣೆಯ ಕಥೆ ಹೇಳಬೇಕು. ಬಾಗಿಲ ಮರೆಯಲ್ಲಿ ಗುರಮ್ಮ ಕಣ್ಣಗಲಿಸಿ ನಿಂತಿದ್ದಳು.

"ಹೌದ್ರಿ ಮಾವನವರ," ಎಂದು ಅವನು ಅಂಗೈ ತಿಕ್ಕಿಕೊಂಡ. "ಕೈ ಭಾಳ ನೋಯ್ತರಿ."